ಅಳತೆ ಪುಸ್ತಕದ ಹಿಂದಿನ ಹಾಳೆಗಳು

ನನ್ನ ಅಂಗಡಿಯ ಅಳತೆ ಪುಸ್ತಕಕ್ಕೆ ಎರಡು ಬಾಯಿ. ಮುಂದಿನಿಂದ ತೆರೆದರೆ ಗಿರಾಕಿಗಳ ಎದೆ, ಸೊಂಟ, ತೋಳು, ಬೆನ್ನಿನ ಆಳ. ತಿರುಗಿಸಿ ಹಿಂದಿನಿಂದ ತೆರೆದರೆ ನನ್ನ ರೊಕ್ಕದ ಲೆಕ್ಕ. ಮೊದಲು ಇದ್ದದ್ದು ಮುಂದಿನ ಬಾಯಿ ಒಂದೇ. ಹಿಂದಿನದು ಶುರುವಾಗಿದ್ದು 2018ರ ಜೂನ್‌ನಲ್ಲಿ, ಅದೂ ಸಿಟ್ಟಿನಿಂದ.

ಬಾಗಲಕೋಟೆಯ ನವನಗರದಲ್ಲಿ ನಾನು ಜಂಪರ್ ಹೊಲಿಯುತ್ತೇನೆ. ನೀವು ಬ್ಲೌಸ್ ಅನ್ನಬಹುದು, ಕುಪ್ಪಸ ಅನ್ನಬಹುದು. ಆ ವರ್ಷ ಮದುವೆ ಸೀಜನ್ ಜೋರಿತ್ತು. ಏಪ್ರಿಲ್, ಮೇ ಎರಡೇ ತಿಂಗಳಲ್ಲಿ 140 ಜಂಪರ್ ಹೊಲಿದೆ. ರಾತ್ರಿ ಒಂದು ಗಂಟೆವರೆಗೆ ಮಷಿನ್ ತುಳಿದಿದ್ದೇನೆ. ಜೂನ್‌ನಲ್ಲಿ ಮಗಳ ಸಾಲಿ ಫೀ 4,500 ಕಟ್ಟಬೇಕು ಅಂತ ಡಬ್ಬಿ ತೆಗೆದರೆ ಅದರಲ್ಲಿ ಇದ್ದದ್ದು 1,100. ಪಕ್ಕದ ಓಣಿಯಲ್ಲಿ ನೂರಕ್ಕೆ ಮೂರರಂತೆ 4,000 ಬಡ್ಡಿಗೆ ತಂದೆ. ನೂರಕ್ಕೆ ಮೂರು ಅಂದರೆ ಕೇಳಲು ಸಣ್ಣದು. ಅದು ತಿಂಗಳದ್ದು. ವರ್ಷಕ್ಕೆ ಮೂವತ್ತಾರು. ಅವತ್ತು ಅದೂ ನನ್ನ ತಲೆಗೆ ಹೊಳೆಯಲಿಲ್ಲ. ನನಗೆ ಕಾಡಿದ್ದು ಒಂದೇ: 140 ಜಂಪರಿನ ರೊಕ್ಕ ಎಲ್ಲಿ ಹೋಯಿತು?

ಆ ರಾತ್ರಿ ಅಳತೆ ಪುಸ್ತಕ ತಿರುವಿ ಹಾಕಿ, ಕೊನೆಯ ಹಾಳೆಯಲ್ಲಿ ಒಂದೇ ಒಂದು ಜಂಪರಿನ ಲೆಕ್ಕ ಬರೆದೆ. ಅಸ್ತರ್ ಹಚ್ಚಿದ ಜಂಪರಿಗೆ ಆಗ ನನ್ನ ರೇಟು 250. ಅಸ್ತರ್ ಬಟ್ಟೆಗೆ 50. ದಾರ, ಹುಕ್ಸು, ಕ್ಯಾನ್ವಾಸಿಗೆ 15. ಹೆಮ್ಮಿಂಗ್ ಮಾಡಿ ಹುಕ್ಸು ಹಚ್ಚಿಕೊಡುವ ಹುಡುಗಿಗೆ 30. ಅಂಗಡಿ ಬಾಡಿಗೆ, ಕರೆಂಟು ಸೇರಿ ತಿಂಗಳಿಗೆ 3,500. ಅದನ್ನು 70 ಜಂಪರಿಗೆ ಹಂಚಿದರೆ ಒಂದರ ಮೇಲೆ 50. ಎಲ್ಲ ಕೂಡಿಸಿದೆ, 145 ಆಯಿತು. ಉಳಿದದ್ದು 105.

ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಇಷ್ಟು ದಿನ ಒಂದು ಜಂಪರ್ ಅಂದರೆ 250 ಅಂತ ಲೆಕ್ಕ ಹಿಡಿದು ಸಂತೆ ಮಾಡಿದ್ದೆ. ಬಂದದ್ದು 105. ಮೇಲಿಂದ ಉದ್ರಿ ಬೇರೆ. ನೆಂಟರು, ಓಣಿಯವರು, "ಆಮ್ಯಾಲ ಕೊಡ್ತೀನಿ ತಗೋ ಅಕ್ಕಾ" ಅಂದವರು, ಎಲ್ಲ ಸೇರಿ 23 ಜಂಪರಿಗೆ ರೊಕ್ಕವೇ ಬಂದಿರಲಿಲ್ಲ. 140ಕ್ಕೆ 105ರಂತೆ 14,700. ಅದರಲ್ಲಿ ಉದ್ರಿ 5,750 ಹೋದರೆ 8,950. ಎರಡು ತಿಂಗಳ ನಿದ್ದೆಗೆಟ್ಟ ದುಡಿಮೆ ಅಷ್ಟೇ.

ಇನ್ನೊಂದು ಲೆಕ್ಕ ಮರುದಿನ ಮಾಡಿದೆ. ಮಳೆಗಾಲದಲ್ಲಿ ತಿಂಗಳಿಗೆ 30 ಜಂಪರ್ ಬಂದರೆ ಹೆಚ್ಚು. ಆಗ ಒಂದರ ಮೇಲೆ ಬಾಡಿಗೆಯೇ 117 ಬೀಳುತ್ತದೆ. ಕೈಗೆ ಉಳಿಯುವುದು 38 ರೂಪಾಯಿ. ನಾನು ಆ ತಿಂಗಳುಗಳಲ್ಲಿ "ಕೆಲಸಾನೇ ಇಲ್ಲ" ಅಂತ ರೇಟು 220ಕ್ಕೆ ಇಳಿಸಿ ಗಿರಾಕಿ ಕರೆಯುತ್ತಿದ್ದೆ! ಎಂಟು ರೂಪಾಯಿಗೆ ಜಂಪರ್ ಹೊಲಿದಿದ್ದೇನೆ ನಾನು, ಖುಷಿಯಿಂದ.

ಗುಳೇದಗುಡ್ಡದ ಖಣ ತಂದು ಕೊಡುವ ಗಿರಾಕಿಗಳು ನನ್ನಲ್ಲಿ ಜಾಸ್ತಿ. ಖಣದ ಪನ್ನಾ, ಅಂದರೆ ಅಗಲ, ಚಿಕ್ಕದು. ಒಂದು ಸಲ ತಪ್ಪಿ ಕತ್ತರಿ ಇಟ್ಟರೆ ಮುಗೀತು, ತೋಳಿಗೆ ಬಟ್ಟೆ ಸಾಲುವುದಿಲ್ಲ. ಹಾಗಾಗಿ ಖಣ ಅಂದರೆ ಮೂರು ಸಲ ಟೇಪ್ ಹಿಡಿಯುತ್ತೇನೆ. ಅಷ್ಟು ಹುಷಾರಿನ ಕೈ ರೊಕ್ಕದ ಮೇಲೆ ಒಂದು ಸಲವೂ ಟೇಪ್ ಹಿಡಿದಿರಲಿಲ್ಲ.

ಮುಂದಿನ ಸೀಜನ್‌ಗೆ ರೇಟು 300 ಮಾಡಿದೆ. ಅರ್ಧ ರೊಕ್ಕ ಮುಂಗಡ. ನಾಲ್ಕು ಗಿರಾಕಿ ಬಿಟ್ಟು ಹೋದರು. ಅದರಲ್ಲಿ ಮೂವರು ಉದ್ರಿಯವರೇ.

ಇದನ್ನೆಲ್ಲ ಮನೆಯಲ್ಲಿ ಯಾರೂ ಕಲಿಸಲಿಲ್ಲವಾ ಅಂತ ನೀವು ಕೇಳಬಹುದು. ನಮ್ಮದು ಹಳೇ ಬಾಗಲಕೋಟೆಯ ಮನೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬರುತ್ತದೆ ಅಂತ ಊರಿನ ಅರ್ಧ ಭಾಗ ಎದ್ದು ನವನಗರಕ್ಕೆ ಬಂತಲ್ಲ, ಅದರಲ್ಲಿ ನಾವೂ ಇದ್ದೆವು. 1998ರಲ್ಲಿ ಅಪ್ಪನ ಕೈಗೆ ಪರಿಹಾರ ಬಂತು. 1,40,000. ಆಗ ಒಂದು ತೊಲ ಬಂಗಾರ ನಾಲ್ಕು ಸಾವಿರದ ಆಚೀಚೆ. ನಮ್ಮ ಮನೆಯಲ್ಲಿ ಅಷ್ಟು ರೊಕ್ಕವನ್ನು ಯಾರೂ ಒಟ್ಟಿಗೆ ನೋಡಿರಲಿಲ್ಲ. ಅಪ್ಪ ಕುಡಿಯುವವನಲ್ಲ, ಇಸ್ಪೀಟು ಆಡುವವನಲ್ಲ. ಆದರೂ ಮೂರು ವರ್ಷದಲ್ಲಿ ಖಾಲಿ. ಅಕ್ಕನ ಮದುವೆ. ಪಾಲಿನಲ್ಲಿ ಒಂದು ಹಳೇ ಟೆಂಪೋ. ನೆಂಟರೊಬ್ಬರಿಗೆ ಕಾಗದ ಇಲ್ಲದೆ ಕೊಟ್ಟ ಮೂವತ್ತು ಸಾವಿರ. ಉಳಿದದ್ದು ಬಾಡಿಗೆ ಮನೆ, ಓಡಾಟ, ಹೊಸ ಮನೆಯ ತಳಪಾಯ. ಅಪ್ಪನಿಗೆ ವಾರದ ಸಂತೆಯ ಲೆಕ್ಕ ಬೆರಳ ತುದಿಯಲ್ಲಿತ್ತು. ಐವತ್ತು ರೂಪಾಯಿಯಲ್ಲಿ ಎಂಟು ಮಂದಿಯ ವಾರ ಕಳೆಯುತ್ತಿದ್ದ ಮನುಷ್ಯ. ಲಕ್ಷದ ಲೆಕ್ಕ ಬೇರೆ ಅಂತ ಯಾರು ಹೇಳಬೇಕಿತ್ತು? ನಮ್ಮ ಜೊತೆ ಬಂದ ಎಷ್ಟೋ ಮನೆಗಳ ಕಥೆ ಇದೇ.

ಅಪ್ಪನಿಂದ ನಾನು ಕಲಿತದ್ದು ರೊಕ್ಕ ಕೈಯಲ್ಲಿ ಇರಬಾರದು ಅನ್ನುವುದು. ಅದಕ್ಕೇ ಪಿಗ್ಮಿ ಹಚ್ಚಿದೆ. ದಿನಾ ಸಂಜೆ ಕಾಕಾ ಒಬ್ಬರು ಟಿವಿಎಸ್ ಗಾಡಿ ಮೇಲೆ ಬಂದು 50 ರೂಪಾಯಿ ಒಯ್ಯುತ್ತಿದ್ದರು. ಈ ಪಿಗ್ಮಿ ಶುರು ಮಾಡಿದ್ದು ನಮ್ಮ ರಾಜ್ಯದ ಸಿಂಡಿಕೇಟ್ ಬ್ಯಾಂಕಿನವರು, 1928ರಲ್ಲಿ. ದಿನಕ್ಕೆ ಎರಡಾಣೆ ಇದ್ದರೂ ಸಾಕಿತ್ತಂತೆ. ಈಗ ಆ ಬ್ಯಾಂಕು ಕೆನರಾದಲ್ಲಿ ಸೇರಿಹೋಗಿದೆ. ಪಿಗ್ಮಿ ಮಾತ್ರ ನಮ್ಮ ಕಡೆ ಪ್ರತಿ ಸೊಸೈಟಿಯಲ್ಲೂ, ಅಂದರೆ ಪತ್ತಿನ ಸಹಕಾರ ಸಂಘದಲ್ಲೂ, ಇದೆ.

ಐದು ತಿಂಗಳಿಗೆ 7,500 ಕೂಡಿತ್ತು. ಅವ್ವನ ಕಣ್ಣಿನ ಆಪರೇಷನ್‌ಗೆ ಬೇಕು ಅಂತ ತೆಗೆಯಲು ಹೋದೆ. ಕೈಗೆ ಬಂದದ್ದು 7,275. ಆರು ತಿಂಗಳೊಳಗೆ ತೆಗೆದರೆ ಬಡ್ಡಿ ಇಲ್ಲ, ಮೇಲಿಂದ ನೂರಕ್ಕೆ ಮೂರು ಕಡಿತ. ಪಿಗ್ಮಿ ಪುಸ್ತಕದ ಹಿಂದೆ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿದ್ದರು. ನಾನು ಓದಿರಲಿಲ್ಲ, ಅಷ್ಟೇ. ನನ್ನ ರೊಕ್ಕ ನಾನೇ ತೆಗೆಯಲು 225 ಕೊಟ್ಟೆ ಅಂತ ಹಿಂದಿನ ಹಾಳೆಯಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿದ್ದೇನೆ. ಅವತ್ತಿನಿಂದ ಕೆಂಪು ಪೆನ್ನು ಅದಕ್ಕೇ ಮೀಸಲು: ತಿಳಿಯದೆ ಕಟ್ಟಿದ ರೊಕ್ಕ.

ಭಿಶಿಯದ್ದೂ ಒಂದು ಕೆಂಪು ಸಾಲು ಇದೆ. ಬೆಂಗಳೂರಿನ ಕಡೆ ಚೀಟಿ ಅಂತಾರಲ್ಲ, ನಮ್ಮ ಕಡೆ ಅದು ಭಿಶಿ. ಇಪ್ಪತ್ತು ಹೆಣ್ಣುಮಕ್ಕಳು, ತಿಂಗಳಿಗೆ ಎರಡು ಸಾವಿರ, ಒಟ್ಟು 40,000. ಮೂರನೇ ತಿಂಗಳೇ ಸವಾಲಿನಲ್ಲಿ ಕೂಗಿ 32,000ಕ್ಕೆ ಎತ್ತಿದೆ. ಎಂಟು ಸಾವಿರ ಎಲ್ಲರಿಗೂ ಹಂಚಲು ಬಿಟ್ಟುಕೊಟ್ಟೆ. ಯಾಕೆ ಬೇಕಿತ್ತು ಅಂತ ಈಗ ಕೇಳಿದರೆ ನಗು ಬರುತ್ತದೆ. ಫ್ರಿಜ್. ಕೊನೆಯವರೆಗೆ ಕಾದ ಒಬ್ಬ ಮುದುಕಿ, ಓದು ಬರಹ ಬಾರದವಳು, ನಮ್ಮೆಲ್ಲರ ಅವಸರದ ರೊಕ್ಕದಲ್ಲಿ ತನ್ನ ಪಾಲು ಎಣಿಸಿಕೊಂಡು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ನಮ್ಮ ಓಣಿಯಲ್ಲಿ ಲೆಕ್ಕ ಬಲ್ಲವರು ಯಾರು ಅಂದರೆ ನಾನು ಆಕೆಯನ್ನೇ ತೋರಿಸುತ್ತೇನೆ. ಇಂಥ ಓಣಿ ಭಿಶಿಗೆ ನೋಂದಣಿ ಇಲ್ಲ. ನಡುವೆ ಯಾರಾದರೂ ಕೈ ಎತ್ತಿದರೆ ಕೇಳುವವರೂ ಇಲ್ಲ. ನಮ್ಮದು ಸರಿಯಾಗಿ ಮುಗಿಯಿತು, ಅದು ಪುಣ್ಯ.

ಈಗ ದೊಡ್ಡ ಕೆಂಪು ಸಾಲಿಗೆ ಬರುತ್ತೇನೆ.

2019ರ ಆಗಸ್ಟ್. ಒಂದು ಸ್ಪೀಡ್ ಮಷಿನ್, ಒಂದು ಓವರ್‌ಲಾಕ್ ಮಷಿನ್ ತಗೊಳ್ಳಬೇಕು ಅಂತ ಸೊಸೈಟಿಯೊಂದರಲ್ಲಿ 60,000 ಸಾಲ ಮಾಡಿದೆ. ಬಡ್ಡಿ ವರ್ಷಕ್ಕೆ ಹನ್ನೆರಡು ಪರ್ಸೆಂಟು ಅಂದರು. ಓಣಿಯಲ್ಲಿ ಮೂವತ್ತಾರು ಕಟ್ಟಿದವಳಿಗೆ ಹನ್ನೆರಡು ಅಂದರೆ ಹಬ್ಬ. 60,000ಕ್ಕೆ ಹನ್ನೆರಡರಂತೆ 7,200. ಕೂಡಿಸಿದರೆ 67,200. ಹನ್ನೆರಡು ಕಂತು, ಕಂತಿಗೆ 5,600. ಲೆಕ್ಕ ನಾನೇ ಮಾಡಿ ನೋಡಿದೆ, ಬರೋಬರಿ ಇತ್ತು. ಜಾಣಳಾಗಿದ್ದೇನೆ ಅಂತ ಹೆಮ್ಮೆಯೂ ಆಯಿತು. ಸಹಿ ಹಾಕಿದೆ.

ಆರು ಕಂತು ಮುಗಿದ ಮೇಲೆ, ಫೆಬ್ರುವರಿಯಲ್ಲಿ, ನಮ್ಮ ಮಹಿಳಾ ಸಂಘದವರನ್ನು ಬ್ಯಾಂಕಿನವರ ಒಂದು ಶಿಬಿರಕ್ಕೆ ಕರೆದರು. ಪ್ರತಿ ವರ್ಷ ರಿಸರ್ವ್ ಬ್ಯಾಂಕಿನವರು ಆರ್ಥಿಕ ಸಾಕ್ಷರತಾ ಸಪ್ತಾಹ ಅಂತ ಮಾಡುತ್ತಾರಲ್ಲ, ಅದು. ಊಟ ಇದೆ ಅಂತ ಹೋದವರೇ ಜಾಸ್ತಿ, ನಾನೂ ಅದರಲ್ಲಿ ಒಬ್ಬಳು. ಮೊದಲರ್ಧ ನಿದ್ದೆ ಬಂತು. ಉಳಿತಾಯ ಮಾಡಿ, ದುಂದು ಮಾಡಬೇಡಿ. ತಿಂಗಳಿಗೆ ಎಂಟು ಸಾವಿರ ಬರುವವರಿಗೆ ದುಂದು ಮಾಡಬೇಡಿ ಅನ್ನುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು.

ಮಧ್ಯಾಹ್ನ ಊಟವಾದ ಮೇಲೆ ರಿಟೈರ್ ಆದ ಬ್ಯಾಂಕಿನ ಸಾಹೇಬರೊಬ್ಬರು ಬಂದರು. ಭಾಷಣ ಇಲ್ಲ. ಬೋರ್ಡಿನ ಮೇಲೆ ಒಂದು ಪ್ರಶ್ನೆ ಬರೆದರು. "ನೀವು 60,000 ಸಾಲ ತಗೊಂಡೀರಿ. ಆರು ತಿಂಗಳ ಕಂತು ಕಟ್ಟೀರಿ. ಇವತ್ತ ನಿಮ್ಮ ಹಂತ್ಯಾಕ ಅವರ ರೊಕ್ಕ ಎಷ್ಟ ಐತಿ?"

ನನ್ನ ಸಾಲದ ಮೊತ್ತವೇ ಬೋರ್ಡಿನ ಮೇಲೆ ಬಂದಿದ್ದು ಕಾಕತಾಳೀಯ. ಆದರೆ ಎದೆ ಧಸಕ್ ಅಂತು. ಕಂತಿನಲ್ಲಿ 5,000 ಅಸಲು, 600 ಬಡ್ಡಿ. ಆರು ಕಂತಿಗೆ 30,000 ಅಸಲು ಹೋಯಿತು. ಉಳಿದದ್ದು 30,000. ಕೈ ಎತ್ತಿ ಹೇಳಿದೆ.

"ಹಂಗಾರ ಬಡ್ಡಿ ಎಷ್ಟರ ಮ್ಯಾಲ ಕಟ್ಟಾಕತ್ತೀರಿ?"

ಉತ್ತರ ಬಾಯಿಗೆ ಬರಲಿಲ್ಲ. 60,000ದ ಮೇಲೆ. ಪ್ರತಿ ತಿಂಗಳೂ ಅದೇ 600. ಸಾಹೇಬರು ಬೋರ್ಡಿನ ಮೇಲೆ ಕೊನೆಯ ತಿಂಗಳು ಬರೆದರು. ನನ್ನ ಹತ್ತಿರ ಉಳಿದಿರುವುದು ಬರೀ 5,000. ಬಡ್ಡಿ 600. ಅಂದರೆ ಆ ಒಂದು ತಿಂಗಳಿಗೇ ನೂರಕ್ಕೆ ಹನ್ನೆರಡು. ಆ ತಿಂಗಳ ಮಟ್ಟಿಗೆ ಪಕ್ಕದ ಓಣಿಯ ನೂರಕ್ಕೆ ಮೂರೂ ಇದಕ್ಕಿಂತ ಎಷ್ಟೋ ಮೇಲು!

ನಾಲ್ಕು ಖೋಲಿಯ ಮನೆ ಬಾಡಿಗೆಗೆ ಹಿಡಿದು, ಒಂದೊಂದೇ ಖೋಲಿ ಖಾಲಿ ಮಾಡಿ ಕೀಲಿ ಕೊಡುತ್ತಾ ಹೋದರೂ ಕೊನೆಯವರೆಗೆ ಪೂರ್ತಿ ಮನೆಯ ಬಾಡಿಗೆ ಕಟ್ಟಿದ ಹಾಗೆ. ಇದಕ್ಕೆ ಫ್ಲಾಟ್ ಬಡ್ಡಿ ಅಂತಾರೆ ಅಂತ ಅವತ್ತು ತಿಳಿಯಿತು. ಉಳಿದ ಅಸಲಿನ ಮೇಲೆ ಮಾತ್ರ ಹಾಕುವುದು ಇಳಿಕೆ ಬಡ್ಡಿ. ಅದೇ 60,000, ಅದೇ ಹನ್ನೆರಡು ಪರ್ಸೆಂಟು, ಇಳಿಕೆ ಬಡ್ಡಿಯಲ್ಲಿ ಆಗಿದ್ದರೆ ಕಂತು ಸುಮಾರು 5,331. ವರ್ಷದ ಬಡ್ಡಿ ನಾಲ್ಕು ಸಾವಿರದ ಒಳಗೆ. ನಾನು ಕಟ್ಟುತ್ತಿದ್ದ 7,200ನ್ನು ಇಳಿಕೆ ಲೆಕ್ಕಕ್ಕೆ ತಂದರೆ ನನ್ನ ಬಡ್ಡಿ ಹನ್ನೆರಡಲ್ಲ, ಇಪ್ಪತ್ತೊಂದೂವರೆ. ಸಹಿ ಹಾಕುವಾಗ ನಾನು ಮಾಡಿದ ಕೂಡಿಸುವ ಲೆಕ್ಕದಲ್ಲಿ ತಪ್ಪಿರಲಿಲ್ಲ. ಕೇಳಬೇಕಿದ್ದ ಪ್ರಶ್ನೆಯೇ ನನಗೆ ಗೊತ್ತಿರಲಿಲ್ಲ.

ಮರುದಿನ ಸೊಸೈಟಿಗೆ ಹೋದೆ. ಜಗಳ ಮಾಡಬೇಕು ಅಂತಲೇ ಹೋಗಿದ್ದು.

"ಸಾಹೇಬ್ರ, ಇದು ಫ್ಲಾಟ್ ಬಡ್ಡಿ ಅಂತ ನನಗ ಯಾಕ ಹೇಳಲಿಲ್ರಿ?"

ಮ್ಯಾನೇಜರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಅಕ್ಕಾರ, ಹತ್ತ ವರ್ಷದಾಗ ನೀವ ಮೊದಲ ನೋಡ್ರಿ ಕೇಳಿದವರು. ಎಲ್ಲಾರೂ ಕಂತ ಎಷ್ಟ ಅಂತ ಕೇಳ್ತಾರ್ರಿ, ಬಡ್ಡಿ ಹೆಂಗ ಅಂತ ಯಾರೂ ಕೇಳಂಗಿಲ್ಲ."

ಕಾಗದ ತೆಗೆದು ತೋರಿಸಿದರು. ಬರೆದಿತ್ತು. ನನ್ನ ಸಹಿಯೂ ಇತ್ತು. ಜಗಳಕ್ಕೆ ಜಾಗವೇ ಇರಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಸಿಟ್ಟು ಯಾರ ಮೇಲೆ ಮಾಡಿಕೊಳ್ಳಬೇಕು ತಿಳಿಯಲಿಲ್ಲ.

ಮುಂದಿನ ತಿಂಗಳೇ ಲಾಕ್‌ಡೌನ್. 2020ರ ಮದುವೆ ಸೀಜನ್ ಪೂರ್ತಿ ಹೋಯಿತು. ಹೊಸ ಮಷಿನ್ ಮೇಲೆ ಮಾಸ್ಕ್ ಹೊಲಿದು, ಒಂದಕ್ಕೆ ಐದು ರೂಪಾಯಿಯಂತೆ ಮಾರಿ, ಉಳಿದ ಕಂತಿಗೆ ಬಂಗಾರದ ಬೋರಮಾಳ ಒತ್ತೆ ಇಟ್ಟೆ. ಆಮೇಲೆ ಬಿಡಿಸಿಕೊಂಡೆ. ಆ ವರ್ಷದ ನಂತರ ಮೂರು ತಿಂಗಳ ಬಾಡಿಗೆಯಷ್ಟು ರೊಕ್ಕ ಬ್ಯಾಂಕಿನ ಬೇರೆ ಖಾತೆಯಲ್ಲಿ ಇಟ್ಟಿದ್ದೇನೆ. ಅದರ ಎಟಿಎಂ ಕಾರ್ಡೇ ಮಾಡಿಸಿಲ್ಲ.

ಇಷ್ಟೆಲ್ಲ ಕಲಿತ ಮೇಲೂ ತಪ್ಪು ನಿಲ್ಲಲಿಲ್ಲ ಅನ್ನುವುದನ್ನೂ ಹೇಳಬೇಕು. 2021ರಲ್ಲಿ ಬ್ಯಾಂಕುಗಳು ಠೇವಣಿಗೆ ಐದೂವರೆ ಪರ್ಸೆಂಟಿನ ಆಸುಪಾಸು ಕೊಡುತ್ತಿದ್ದಾಗ, ಬೇರೆ ಒಂದು ಸೊಸೈಟಿ ಹತ್ತೂವರೆ ಅಂತು. 25,000 ಇಟ್ಟೆ. ಒಂದೂವರೆ ವರ್ಷಕ್ಕೆ ಬಾಗಿಲಲ್ಲಿ ಸಾಲು. ಸಾವಿರ, ಎರಡು ಸಾವಿರ ಅಂತ ತುಂಡು ತುಂಡಾಗಿ ಇವತ್ತಿನವರೆಗೆ ಬಂದದ್ದು 14,000.

ಆಗ ಗೊತ್ತಾಯಿತು, ಐದು ಲಕ್ಷದವರೆಗೆ ಠೇವಣಿಗೆ ವಿಮೆ ಇರುವುದು ಬ್ಯಾಂಕುಗಳಿಗೆ. ಸಹಕಾರಿ ಬ್ಯಾಂಕಿಗೂ ಇದೆ. 2020ರ ಫೆಬ್ರುವರಿವರೆಗೆ ಅದು ಒಂದೇ ಲಕ್ಷ ಇತ್ತು. ಆದರೆ ಪತ್ತಿನ ಸಂಘ, ಸೌಹಾರ್ದ ಸಹಕಾರಿ, ಇವಕ್ಕೆ ಆ ವಿಮೆ ಇಲ್ಲ. ನಾವು ಬಾಯಿಮಾತಿನಲ್ಲಿ ಎಲ್ಲವನ್ನೂ ಬ್ಯಾಂಕು ಅಂತೀವಲ್ಲ, ಎಡವಿದ್ದು ಅಲ್ಲೇ. ಹಾಗಂತ ಸಹಕಾರ ಸಂಘವೇ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಕೃಷಿ ಸಹಕಾರ ಸಂಘಗಳ ತವರು ನಮ್ಮ ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳ, 1905ರಲ್ಲೇ ಶುರುವಾಗಿದ್ದು. ನಮ್ಮ ಓಣಿಯ ಎಷ್ಟೋ ಅಂಗಡಿ ನಿಂತಿರುವುದು ಸೊಸೈಟಿ ಸಾಲದ ಮೇಲೆ. ಈಗ ಸೊಸೈಟಿಯಲ್ಲಿ ಪಿಗ್ಮಿ ಅಷ್ಟೇ ಇಡುತ್ತೇನೆ, ಅದೂ ಹತ್ತು ಸಾವಿರ ದಾಟಲು ಬಿಡುವುದಿಲ್ಲ.

ಗೃಹಲಕ್ಷ್ಮಿಯ ಎರಡು ಸಾವಿರ ಶುರುವಾದ ಮೇಲೆ ಅಂಚೆ ಕಚೇರಿಯಲ್ಲಿ ಮಗಳ ಹೆಸರಿಗೆ ಆರ್‌ಡಿ, ಅಂದರೆ ತಿಂಗಳ ಕಂತಿನ ಠೇವಣಿ, ಮಾಡಿದೆ. ಎರಡು ಸಾವಿರಕ್ಕೆ ಮಾಡಲಿಲ್ಲ, ಒಂದೇ ಸಾವಿರಕ್ಕೆ. ಆ ರೊಕ್ಕ ಒಮ್ಮೊಮ್ಮೆ ಎರಡು ಮೂರು ತಿಂಗಳು ತಡವಾಗಿ ಬರುತ್ತದೆ, ಆರ್‌ಡಿ ಕಂತು ಕಾಯುವುದಿಲ್ಲ. 6.7 ಪರ್ಸೆಂಟಿನಂತೆ ಐದು ವರ್ಷಕ್ಕೆ 60,000 ಕಟ್ಟಿದರೆ 71,000 ಚಿಲ್ಲರೆ ಬರುತ್ತದೆ.

2024ರಲ್ಲಿ ಮೂರನೇ ಮಷಿನ್ ಬೇಕಾಯಿತು. ಈ ಸಲ ಮೂರು ಕಡೆ ಕೇಳಿದೆ. ಕೇಳುವ ಪ್ರಶ್ನೆ ಹಿಂದಿನ ಹಾಳೆಯಲ್ಲಿ ಬರೆದುಕೊಂಡೇ ಹೋಗಿದ್ದೆ. ಫ್ಲಾಟಾ, ಇಳಿಕೆನಾ? ಷೇರು, ಫೀ, ವಿಮೆ ಅಂತ ಕೈಗೆ ಬರುವ ಮೊದಲೇ ಎಷ್ಟು ಮುರಿಯುತ್ತೀರಿ? ಬೇಗ ತೀರಿಸಿದರೆ ದಂಡ ಇದೆಯಾ? ಒಂದು ಕಡೆ ಅಲ್ಲಿನ ಹುಡುಗ ನನ್ನ ಪ್ರಶ್ನೆ ಕೇಳಿಸಿಕೊಂಡು ಒಳಗೆ ಹೋದವನು ಹೊರಗೆ ಬರಲೇ ಇಲ್ಲ.

ಕೊನೆಗೆ ಪಿಎಂ ವಿಶ್ವಕರ್ಮ ಯೋಜನೆಗೆ ಹಾಕಿದೆ. ಅದರ 18 ಕಸುಬಿನಲ್ಲಿ ದರ್ಜಿಯೂ ಇದೆ. ಆಧಾರ್ ಒಯ್ದು ಸೇವಾ ಕೇಂದ್ರದಲ್ಲಿ ಹೆಬ್ಬೆಟ್ಟು ಕೊಟ್ಟೆ. ಪರಿಶೀಲನೆ ಆಯಿತು, ತರಬೇತಿ ಆಯಿತು. ತರಬೇತಿಗೆ ದಿನಕ್ಕೆ 500 ರೂಪಾಯಿ ಕೊಟ್ಟರು, ಉಪಕರಣಕ್ಕೆ 15,000ದ ವೋಚರ್ ಬಂತು. ಎಲ್ಲ ಸೇರಿ ಎಂಟು ತಿಂಗಳು ಕಾದೆ. ಹಿಂದಿನ ನಾನಾಗಿದ್ದರೆ ಎಂಟು ದಿನ ಕಾಯುತ್ತಿರಲಿಲ್ಲ. ಒಂದು ಲಕ್ಷ ಸಾಲ, ಐದು ಪರ್ಸೆಂಟು, 18 ಕಂತು. ಬ್ಯಾಂಕಿನವರು ಒಂದು ಹಾಳೆ ಕೊಟ್ಟರು. ಬಡ್ಡಿ, ಫೀ ಎಲ್ಲ ಸೇರಿ ವರ್ಷಕ್ಕೆ ನಿಜವಾಗಿ ಎಷ್ಟು ಪರ್ಸೆಂಟು ಬೀಳುತ್ತದೆ ಅಂತ ಅದರಲ್ಲಿ ಬರೆದಿರುತ್ತದೆ. 2024ರ ಅಕ್ಟೋಬರ್ 1ರಿಂದ ಹೊಸ ಸಾಲಕ್ಕೆ ಇಂಥ ಹಾಳೆ ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕು ಮಾಡಿದೆ. ನನಗೆ ಐದು ವರ್ಷ ಮೊದಲು ಆ ಹಾಳೆ ಸಿಕ್ಕಿದ್ದರೆ ಅಂತ ಅನಿಸಿತು. ಸಿಕ್ಕಿದ್ದರೂ ಓದುತ್ತಿದ್ದೆನಾ? ಅದೂ ಅನುಮಾನ.

ಲೆಕ್ಕ ಹಾಕಿದರೆ ಒಂದು ಲಕ್ಷಕ್ಕೆ ಒಂದೂವರೆ ವರ್ಷದ ಒಟ್ಟು ಬಡ್ಡಿ ಸುಮಾರು 4,000. ಅದರ ಪಕ್ಕದಲ್ಲಿ ಹಳೇ ಕೆಂಪು ಸಾಲು: 60,000ಕ್ಕೆ 7,200.

ಈ ದೀಪಾವಳಿಗೆ ಅಪ್ಪ ಅಂಗಡಿಗೆ ಬಂದಿದ್ದ. ಈಗ ಎಪ್ಪತ್ತೆಂಟು. ಕಟಿಂಗ್ ಟೇಬಲ್ ಪಕ್ಕದ ಸ್ಟೂಲ್ ಮೇಲೆ ಕೂತು ಚಹಾ ಕುಡಿಯುತ್ತಾ ನಾನು ಲೆಕ್ಕ ಬರೆಯುವುದನ್ನು ನೋಡುತ್ತಿದ್ದ. ಇದ್ದಕ್ಕಿದ್ದ ಹಾಗೆ ಕೇಳಿದ.

"ಯವ್ವಾ, ಆವಾಗಿನ ಪರಿಹಾರದ ರೊಕ್ಕ ಬ್ಯಾಂಕಿನಾಗ ಇಟ್ಟಿದ್ರ ಇವತ್ತ ಎಷ್ಟ ಆಗ್ತಿತ್ತು?"

ಆ ಶಿಬಿರದ ಸಾಹೇಬರು ಇನ್ನೊಂದು ಕಲಿಸಿದ್ದರು. 72ನ್ನು ಬಡ್ಡಿ ದರದಿಂದ ಭಾಗಿಸಿದರೆ ರೊಕ್ಕ ಎಷ್ಟು ವರ್ಷಕ್ಕೆ ದುಪ್ಪಟ್ಟು ಆಗುತ್ತದೆ ಅಂತ ಗೊತ್ತಾಗುತ್ತದೆ. ಸರಾಸರಿ ಎಂಟು ಪರ್ಸೆಂಟು ಹಿಡಿದರೆ ಒಂಬತ್ತು ವರ್ಷ. 1998ರಿಂದ ಇಪ್ಪತ್ತೇಳು ವರ್ಷ. ಮೂರು ಸಲ ದುಪ್ಪಟ್ಟು. 1,40,000, 2,80,000, 5,60,000. ಪೆನ್ನಿನ ತುದಿ ಹಾಳೆಯ ಮೇಲೆ ನಿಂತಿತು. 11,20,000.

"ಭಾಳೇನ ಆಗ್ತಿರಲಿಲ್ಲ ಬಿಡಪ್ಪಾ," ಅಂದೆ. ಪುಸ್ತಕ ಮುಚ್ಚಿದೆ.

ಅಪ್ಪ ಬಸಿಯಲ್ಲಿ ಉಳಿದ ಚಹಾ ಮುಗಿಸಿ ಕೆಳಗಿಟ್ಟ. "ಗಿರಾಕಿಗೆ ಅಳತಿ ಹೇಳೂವಾಗೂ ಹಿಂಗ ಸುಳ್ಳ ಹೇಳ್ತಿ ಏನು?" ಅಂದ. ಆಮೇಲೆ, "ಬರದ ಇಡು. ಮೊಮ್ಮಗಳಿಗೆ ತೋರಸು" ಅಂದು ಚಪ್ಪಲಿ ಹಾಕಿಕೊಂಡು ಹೊರಟ.

ಪುಸ್ತಕ ಮತ್ತೆ ತೆಗೆದೆ. ಕೆಂಪು ಪೆನ್ನು ಹುಡುಕಿದೆ. ಎಷ್ಟೋ ಹೊತ್ತಿನ ಮೇಲೆ ನೀಲಿಯಲ್ಲೇ ಬರೆದೆ.